ಒಲೆ ತಣ್ಣಗಾಗಬಾರದು

ನನಗೆ ನೆನಪಿರುವ ಮೊತ್ತಮೊದಲ ಕೆಲಸವೆಂದರೆ ಬೆಳಿಗ್ಗೆ ಎದ್ದು ಬೂದಿಯ ಮೇಲೆ ಅಂಗೈ ಹಿಡಿಯುವುದು. ಮುಖ ತೊಳೆಯುವ ಮೊದಲು, ಜಡೆ ಬಿಚ್ಚುವ ಮೊದಲು, ಕಣ್ಣು ಪೂರ್ತಿ ತೆರೆಯುವ ಮೊದಲು. ಅಡುಗೆಮನೆಯ ಮೂಲೆಯಲ್ಲಿ ನೆಲಕ್ಕೇ ಅಂಟಿಕೊಂಡಂತಿದ್ದ ಮಣ್ಣಿನ ಒಲೆ. ಅದರ ಎಡಗಡೆ ಅಬ್ಬಿ ಹಿಂದಿನ ದಿನ ಊಟವಾದ ಮೇಲೆ ಕೆಂಡ ಕೂಡಿ, ಒಂದು ಹುಣಸೆ ಕೊರಡು ಇಟ್ಟು, ಮೇಲೆ ಬೂದಿ ಮುಚ್ಚಿರುತ್ತಿದ್ದಳು. ಅಮ್ಮನನ್ನು ನಾವು ಅಬ್ಬಿ ಎಂದೇ ಕರೆಯುತ್ತಿದ್ದುದು. ಬೂದಿ ಬೆಚ್ಚಗಿದ್ದರೆ ನಾನು “ಇತ್ತ್”, ಅಂದರೆ ಕೆಂಡ ಇದೆ, ಎನ್ನಬೇಕು. ಅಷ್ಟು ಕೇಳಿದ ಮೇಲೇ ಅಬ್ಬಿ ಹಾಸಿಗೆ ಮಡಚುತ್ತಿದ್ದಳು. ಅಮಾಸೆಬೈಲಿನಿಂದಲೂ ಮೇಲೆ, ಘಟ್ಟಕ್ಕೆ ಬೆನ್ನು ಕೊಟ್ಟು ನಿಂತ ಗುಡ್ಡದ ಮನೆ ನಮ್ಮದು. ಪಕ್ಕದ ಮನೆಯೆಂದರೆ ಕೂಗಿದರೆ ಕೇಳುತ್ತದೆ, ಕಾಣುವುದಿಲ್ಲ. ಆ ಗುಡ್ಡದಲ್ಲಿ ಎಲ್ಲರ ಮನೆಯಲ್ಲೂ ಕೆಂಡ ಮುಚ್ಚಿಡುತ್ತಿದ್ದರು, ಬೆಂಕಿಪೆಟ್ಟಿಗೆ ಉಳಿಸಲು. ನಮ್ಮ ಮನೆಯಲ್ಲಿ ಮಾತ್ರ ಅದು ಜೀವ ಉಳಿಸಲು.

ಯಾಕೆಂದರೆ ಅಪ್ಪಯ್ಯ ಹೋದ ದಿನ ಒಲೆ ತಣ್ಣಗಿತ್ತು. ಅಬ್ಬಿ ಬೂದಿ ಕೆದಕಿದಾಗ ಬರೀ ಕಪ್ಪು ಇದ್ದಿಲು. ಪಕ್ಕದ ಮನೆಯಿಂದ ತೆಂಗಿನ ಗೆರಟೆಯ ಚಿಪ್ಪಿನಲ್ಲಿ ಕೆಂಡ ತಂದು ಚಾ ಮಾಡಿದಳು. ಅಪ್ಪಯ್ಯ ಕುಡಿದರು, ಚಾ ಚೆನ್ನಾಗಿದೆ ಎಂದರು, ಕುಂದಾಪುರಕ್ಕೆಂದು ಗುಡ್ಡ ಇಳಿದರು. ಅಲ್ಲಿ ವಾಪಸು ಬರುವ ಬಸ್ಸಿಗೆ ಕಾಯುತ್ತ ಬೆಂಚಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಎದೆ ನಿಂತಿತು ಎಂದು ಡಾಕ್ಟರರು ಹೇಳಿದ್ದನ್ನು ಸೋದರಮಾವ ಬಂದು ಹೇಳಿದರು. ಅಬ್ಬಿ ತಲೆಯಾಡಿಸಿದಳು, ಅವಳಿಗೆ ಅದು ಆಗಲೇ ಗೊತ್ತಿತ್ತು ಎನ್ನುವಂತೆ. ಒಲೆ ತಣ್ಣಗಾದ ಮನೆಯಿಂದ ಒಬ್ಬರು ತಣ್ಣಗಾಗಿ ಹೋಗುತ್ತಾರೆ. ಇದನ್ನು ಅವಳು ಯಾರಿಗೂ ವಾದಿಸಿ ಹೇಳಲಿಲ್ಲ. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ ಎಂದು ಯಾರಾದರೂ ವಾದಿಸುತ್ತಾರೆಯೇ?

ಆಮೇಲೆ ಮಾವ ನನ್ನನ್ನು ಕುಂದಾಪುರದ ತಮ್ಮ ಮನೆಯಲ್ಲಿಟ್ಟು ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಒಬ್ಬರು ಸಿಸ್ಟರ್ ಇದ್ದರು, ಬಹಳ ಜೆಂಟಲ್. ಒಲೆಯ ಕಥೆ ಕೇಳಿ ನನ್ನ ತಲೆ ಸವರಿ, ಅದು ಸೂಪರ್‌ಸ್ಟಿಶನ್ ಮೈ ಚೈಲ್ಡ್, ಎಂದು ಬೋರ್ಡಿನ ಮೇಲೆ ಸ್ಪೆಲಿಂಗ್ ಬರೆದು ತೋರಿಸಿದರು. ನಾನು ಆ ಸ್ಪೆಲಿಂಗ್ ಒಂದು ತಪ್ಪಿಲ್ಲದೆ ಕಲಿತೆ. ಆದರೂ ಬೆಳಗಿನ ಜಾವ ಮಾವನ ಮನೆಯಲ್ಲಿ ಎಚ್ಚರವಾಗುತ್ತಿತ್ತು. ಅಲ್ಲಿ ಗುಡ್ಡದ ಮೇಲೆ ಈಗ ಬೂದಿಗೆ ಯಾರು ಕೈ ಹಿಡಿಯುತ್ತಿದ್ದಾರೆ, ತಮ್ಮ ಇನ್ನೂ ಸಣ್ಣವನು, ಅವನಿಗೆ ಬಿಸಿ ತಂಪು ಗೊತ್ತಾಗುತ್ತದೆಯೇ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಇಂಗ್ಲಿಷಿನಲ್ಲಿ ನನಗೆ ಹೆದರಿಕೆ ಇರಲಿಲ್ಲ, ಕನ್ನಡದಲ್ಲಿ ಇತ್ತು. ಜೀವನವೆಲ್ಲ ಹಾಗೆಯೇ ಕಳೆಯಿತು. ಬ್ರಹ್ಮಾವರದಲ್ಲಿ ಟೀಚರಾಗಿ ಮಕ್ಕಳಿಗೆ ಗ್ರಾಮರ್ ಹೇಳುತ್ತಿದ್ದಾಗಲೂ, ಮದುವೆ ಬೇಡವೆಂದು ಒಬ್ಬಳೇ ಇದ್ದ ಬಾಡಿಗೆ ಮನೆಯಲ್ಲೂ, ಬೆಳಿಗ್ಗೆ ಏಳುವಾಗ ನನ್ನ ಬಲಗೈ ತಾನಾಗಿ ಮುಂದೆ ಚಾಚುತ್ತಿತ್ತು.

ವಾಲಂಟರಿ ರಿಟೈರ್‌ಮೆಂಟ್ ತೆಗೆದುಕೊಂಡು ನಾನು ಗುಡ್ಡದ ಮನೆಗೆ ವಾಪಸು ಬಂದಾಗ ಅಬ್ಬಿ ಇನ್ನೂ ಗಟ್ಟಿಯಾಗಿದ್ದಳು. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸ್ವಲ್ಪ ಸಮಯದಲ್ಲಿ ತಮ್ಮ ಸುಧಾಕರನೂ ಮುಂಬೈಯ ಕ್ಯಾಂಟೀನು ಬೇರೆಯವರಿಗೆ ಬಿಟ್ಟು ಬಂದ. ತಡವಾಗಿ ಮದುವೆಯಾದವನು. ಹೆಂಡತಿ ವಿನೋದ ಹಟ್ಟಿಯಂಗಡಿ ಕಡೆಯವಳು, ನಗುವ ಹುಡುಗಿ, ಬರುವಾಗಲೇ ಬಸುರಿ. ಸೀಮಂತದ ಬಯಕೆ ಊಟಕ್ಕೆ ಅವಳ ಕಡೆಯವರು ಗುಡ್ಡ ಹತ್ತಿ ಬರುವ ಮೊದಲು ಮನೆ ಹೊಸದಾಗಬೇಕು ಎಂದು ಸುಧಾಕರ ಹಟ ಹಿಡಿದ. ಪಿಕಪ್ ವ್ಯಾನು ಕೆಳಗಿನ ತಿರುವಿನಲ್ಲಿ ಏದುಸಿರು ಬಿಡುತ್ತ ದಿನಾ ಏನಾದರೊಂದು ಹೊತ್ತು ತರುತ್ತಿತ್ತು. ಸೆಗಣಿ ಸಾರಿಸಿ ಮಸಿ ತಿಕ್ಕಿದ ನೆಲದ ಮೇಲೆ ಬಿಳಿ ಟೈಲ್ಸು ಬಂತು. ಚಾವಡಿಗೆ ಸೋಫಾ ಸೆಟ್ಟು, ಅದರ ಪ್ಲಾಸ್ಟಿಕ್ ಕವರ್ ಇವತ್ತಿಗೂ ತೆಗೆದಿಲ್ಲ. ಗೋಡೆಗೆ ಶೋಕೇಸು. ಮರದ ಸರಳಿನ ಕಿಂಡಿಗಳಿದ್ದಲ್ಲಿ ಗಾಜಿನ ಕಿಟಕಿ. ಅಬ್ಬಿಗೆ ಎಲ್ಲಕ್ಕಿಂತ ಹೆದರಿಕೆ ಆ ಟೈಲ್ಸಿನದು. ಗೋಡೆ ಹಿಡಿದು, ಅಡ್ಡಡ್ಡ, ಹಳ್ಳ ದಾಟುವವಳ ಹಾಗೆ ನಡೆಯುತ್ತ, ಟೈಲ್ಸಿನಲ್ಲಿ ಕಾಣುವ ತನ್ನ ಪ್ರತಿಬಿಂಬ ತೋರಿಸಿ ಸೊಸೆಗೆ ಹೇಳುತ್ತಿದ್ದಳು.

“ಕೆಳ್ಗೆ ಕಾಣ್ ಹೆಣೆ, ಇನ್ನೊಂದ್ ಮುದ್ಕಿ ತಲಿಕೆಳ್ಗಾಯಿ ನಡೀತ್ಲ್. ಅವ್ಳ್ ಯಾವಾಗ ನನ್ ಕಾಲ್ ಎಳೀತ್ಲ್ ಗೊತ್ತಿಲ್ಲೆ.”

ವಿನೋದ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಅಬ್ಬಿಯೂ ನಗುತ್ತಿದ್ದಳು, ಆದರೆ ಗೋಡೆ ಬಿಡುತ್ತಿರಲಿಲ್ಲ. ನಗು ನಿಂತದ್ದು ಅಡುಗೆಮನೆಯ ಸರದಿ ಬಂದಾಗ. ಗ್ರಾನೈಟಿನ ಪ್ಲಾಟ್‌ಫಾರಂ, ಕೆಳಗೆ ಪ್ಲೈವುಡ್ಡಿನ ಕಪಾಟು, ಗ್ಯಾಸ್ ಒಲೆ. ಇದೆಲ್ಲ ಕೂರಬೇಕಾದರೆ ಮಣ್ಣಿನ ಒಲೆ ಒಡೆಯಬೇಕು. ಅಂದು ಮಧ್ಯಾಹ್ನ ಗಂಜಿಗೆ ಕುಳಿತಿದ್ದೆವು. ಕೆಂಡದಲ್ಲಿ ಸುಟ್ಟ ಒಣಸೆಟ್ಲಿಯ, ಅಂದರೆ ಒಣಸೀಗಡಿಯ ಚಟ್ನಿ, ಆ ಒಲೆಯ ಚಟ್ನಿಯೇ. ಸುಧಾಕರ ಅದನ್ನೇ ಎರಡು ಸಲ ಹಾಕಿಸಿಕೊಂಡು ವಿಷಯ ತೆಗೆದ.

“ಅಬ್ಬಿ, ಇನ್ನೆಷ್ಟ್ ವರ್ಷ ಈ ಹೊಗಿ ಕುಡ್ಕಂಡ್ ಕೂಕಂತೆ? ನಾಳಿಕೆ ಶಿಶು ಬಪ್ದ್. ಅದೂ ಈ ಹೊಗಿಯಗೇ ಬೆಳೀಕಾ?”

“ನೀ ಇದೇ ಹೊಗಿಯಗೆ ಬೆಳ್ದದ್ದ್. ನಿನ್ ಮೂಗ್ ಎಂತ ಉದ್ರಿ ಬಿತ್ತಾ?”

“ಹಂಗಲ್ದಬ್ಬಿ, ಬಂದವ್ರ್ ಎಂತ ಹೇಳುದ್? ಬೊಂಬೈಯಗೆ ಹೋಟೆಲ್ ನಡ್ಸ್‌ದವ ಅಬ್ಬಿಗೊಂದ್ ಗ್ಯಾಸ್ ಮಾಡಿಸಿಲ್ಲ ಅಂದೇಳಿ ನೆಗಾಡುದಿಲ್ಯಾ?”

“ನೆಗಾಡುವವ್ರ್ ನೆಗಾಡ್ಲಿ. ಒಲಿ ತಣ್ಣಗ್ ಆಪೂಕಾಗ.”

ಅವನು ತಾಟು ಬಿಟ್ಟು ಎದ್ದುಹೋದ. ಮೂರನೆಯ ದಿನ ಬೆಳಿಗ್ಗೆ ಅಬ್ಬಿ ತಾನಾಗಿ ಜಗಲಿಗೆ ಬಂದು, ಬಡಗಿಗೆ ಅಳತೆ ತೋರಿಸುತ್ತಿದ್ದ ಮಗನಿಗೆ ಹೇಳಿದಳು.

“ಆಯ್ತ್, ಒಡೀರಿ. ನಂಗೊಂದ್ ಖಾನಿ ಬಿಟ್ ಕೊಡಿ, ಒಲಿ ಇದ್ದಲ್ಲೇ. ದೇವ್ರ್ ಸಾಮಾನ್ ಇಟ್ಕಂತೆ. ಅದನ್ನ ಯಾರೂ ಮುಟ್ಟೂಕಾಗ ಕಾಣ್.”

ಸುಧಾಕರನಿಗೆ ಎಷ್ಟು ಖುಷಿಯಾಯಿತೆಂದರೆ ಕಪಾಟಿನ ಆ ಖಾನೆಯ ಬಾಗಿಲಿಗೆ ಹಿತ್ತಾಳೆಯ ಹಿಡಿಕೆ ಹಾಕಿಸಿದ. ನನಗೆ ಮಾತ್ರ ಅವಳು ಅಷ್ಟು ಸುಲಭಕ್ಕೆ ಒಪ್ಪಿದ್ದೇ ಅಳುಕಾಯಿತು. ಆ ಖಾನೆಯೊಳಗೆ ಏನಿತ್ತೆಂದು ಈಗಲೇ ಹೇಳಿಬಿಡುತ್ತೇನೆ. ಆಗ ನಮಗೆ ಯಾರಿಗೂ ತಿಳಿದಿರಲಿಲ್ಲ. ಒಲೆ ಒಡೆಯುವ ದಿನ ಬೆಳಿಗ್ಗೆ ಅಬ್ಬಿ ಅದರ ಕೆಂಡವನ್ನು ಒಂದು ಅಗಲ ಬಾಯಿಯ ಮಣ್ಣಿನ ಮಡಕೆಗೆ ತುಂಬಿ, ಬೂದಿ ಮುಚ್ಚಿ, ಬಚ್ಚಲಿನ ಹಿಂದೆ ಅಡಗಿಸಿಟ್ಟಿದ್ದಳು. ಕಪಾಟು ಮುಗಿದ ಮೇಲೆ ಖಾನೆಯಲ್ಲಿ ಒಂದು ಹಳೆಯ ಹೆಂಚಿನ ಮೇಲೆ ಮಡಕೆ ಕೂರಿಸಿದಳು. ದಿನಾ ಎರಡು ಹೊತ್ತು, ದೀಪ ಹಚ್ಚುವ ನೆಪದಲ್ಲಿ, ಗೆರಟೆಯ ಚೂರು ಕೊಟ್ಟು ಅದನ್ನು ಬದುಕಿಸುತ್ತಿದ್ದಳು. ಬಚ್ಚಲಲ್ಲಿ ನೀರು ಕಾಯಿಸುವ ಒಲೆ ಹೇಗೂ ಉರಿಯುತ್ತಿತ್ತು. ಆದರೆ ಅವಳ ಲೆಕ್ಕದಲ್ಲಿ ಅದು ಮೈ ತೊಳೆಯುವ ಕಿಚ್ಚು, ಮನೆಯ ಕಿಚ್ಚಲ್ಲ. ಮನೆಯ ಕಿಚ್ಚು ತನ್ನ ಮೂಲೆ ಬಿಟ್ಟು ಏಳಬಾರದು, ಅದೂ ಬಸುರಿ ಇರುವ ಮನೆಯಲ್ಲಿ. ಅವಳ ಖಾನೆಗೆ ಒತ್ತಿಕೊಂಡ ಪಕ್ಕದ ಖಾನೆಯಲ್ಲಿ, ನಡುವೆ ಒಂದು ಪ್ಲೈವುಡ್ ಹಲಗೆ ಮಾತ್ರ, ಗ್ಯಾಸ್ ಸಿಲಿಂಡರ್.

ಹೊಗೆಯ ವಾಸನೆ ಆಗಾಗ ಬರುತ್ತಿತ್ತು. ಹಳೆಯ ಗೋಡೆ, ಹೊಗೆ ಕುಡಿದ ಹೆಂಚಿನ ಮಾಡು, ಇನ್ನೇನು ಎಂದುಕೊಂಡೆವು. ಅಬ್ಬಿಯ ಬೆರಳ ತುದಿ ಬೂದಿಯಾಗಿರುತ್ತಿತ್ತು. ಪಾತ್ರೆ ತಿಕ್ಕಿದ್ದು ಎನ್ನುತ್ತಿದ್ದಳು. ವಿಮ್ ಸೋಪು ತಂದಿಟ್ಟಿದ್ದ ವಿನೋದ ಬೇಸರ ಮಾಡಿಕೊಂಡಳು. ಒಲೆ ಒಡೆದ ಮೇಲೆ ಬೂದಿ ಮುಟ್ಟುವ ನನ್ನ ಕೆಲಸ ಹೋಗಿತ್ತು. ಬೆಳಿಗ್ಗೆ ಎದ್ದು ಗ್ರಾನೈಟಿನ ಮೇಲೆ ಅಂಗೈ ಇಟ್ಟರೆ ಹೆಣದ ಹಣೆಯಷ್ಟು ತಣ್ಣಗೆ. ನಾನು ಸಿಸ್ಟರ್ ಕಲಿಸಿದ ಸ್ಪೆಲಿಂಗನ್ನು ಒಂದೊಂದೇ ಅಕ್ಷರವಾಗಿ ಮನಸ್ಸಿನಲ್ಲಿ ಹೇಳಿಕೊಂಡು ಲೈಟರ್ ಒತ್ತುತ್ತಿದ್ದೆ. ಅಬ್ಬಿ ಮಾತ್ರ ಆಶ್ಚರ್ಯವಾಗುವಷ್ಟು ನೆಮ್ಮದಿಯಾಗಿದ್ದಳು. ಆ ನೆಮ್ಮದಿ ನೋಡಿ, ಅಂತೂ ಮುದುಕಿ ಬದಲಾದಳು ಎಂದು ಸುಧಾಕರ ಊರೆಲ್ಲ ಹೇಳಿಕೊಂಡು ಬಂದ.

ಬಯಕೆಗೆ ಇನ್ನೇನು ನಾಲ್ಕಾರು ದಿನವಿತ್ತು. ಚಳಿಗಾಲದ ಬಿಸಿಲು, ಬೆಳಗಿನ ಹತ್ತು ಹನ್ನೊಂದರ ಹೊತ್ತು. ಸುಧಾಕರ ಸೀರೆ, ಹಣ್ಣು ಎಂದು ಕುಂದಾಪುರಕ್ಕೆ ಹೋಗಿದ್ದ. ಅಬ್ಬಿ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅನ್ನ ಅರ್ಧ ಬೇಯುವಾಗ ಸಿಲಿಂಡರ್ ಮುಗಿಯಿತು. ಹೊಸದು ಮೂಲೆಯಲ್ಲೇ ಇತ್ತು. ಮುಂಬೈಯಲ್ಲಿ ನಾನೇ ಹಾಕುತ್ತಿದ್ದೆ ಎಂದು ವಿನೋದ ಮೊಣಕಾಲೂರಿ ಕುಳಿತಳು. ಇಬ್ಬರೂ ಸೇರಿ ಹಳೆಯದನ್ನು ಎಳೆದು ಹೊಸದನ್ನು ಉರುಳಿಸಿ ಒಳಗಿಟ್ಟೆವು. ಅವಳು ರೆಗ್ಯುಲೇಟರ್ ಒತ್ತಿ ತಿರುಗಿಸಿದಳು. ಅದು ಪೂರ್ತಿ ಕೂರಲಿಲ್ಲ, ವಾಪಸೂ ಬರಲಿಲ್ಲ. ನಾನು ಮೊದಲು ಕೇಳಿಸಿಕೊಂಡೆ, ಆಮೇಲೆ ಮೂಗಿಗೆ ಬಂತು.

“ಅಕ್ಕಾ, ಇದ್ ಸುಂಯ್ ಅಂತಿತ್ತ್. ತಿರ್ಗ್ಸೂಕೇ ಆತಿಲ್ಲೆ ಕಾಣಿ.”

“ಬಿಡ್! ಬಿಟ್ಟಿಕ್ಕಿ ಹೊರ್ಗ್ ನಡಿ. ವಿನೋದಾ, ಔಟ್!”

ಕ್ಲಾಸಿನಲ್ಲಿ ಬಳಸುತ್ತಿದ್ದ ದನಿ ಅದು. ಆದರೆ ಅವಳು ಬಿಡಲಿಲ್ಲ. ಇನ್ನೊಂದು ಸಲ ನೋಡುತ್ತೇನೆ ಎಂದು ಹೊಟ್ಟೆಯನ್ನು ಕಪಾಟಿಗೆ ಒತ್ತಿಕೊಂಡು ಕೈ ಒಳಗೆ ಹಾಕಿದಳು. ನಾನು ಓಡಿ ಗಾಜಿನ ಕಿಟಕಿಗಳನ್ನು ತೆರೆದೆ. ಗ್ಯಾಸ್ ಲೀಕಾದರೆ ಮೊದಲು ಕಿಟಕಿ ತೆರೆಯಬೇಕು, ಸ್ವಿಚ್ ಮುಟ್ಟಬಾರದು, ಇದನ್ನು ನಾನೇ ಎಷ್ಟು ಬ್ಯಾಚಿಗೆ ಬಾಯಿಪಾಠ ಮಾಡಿಸಿಲ್ಲ! ಘಟ್ಟದ ಕಡೆಯ ಗಾಳಿ ರಪ್ಪೆಂದು ಒಳನುಗ್ಗಿತು. “ಗ್ಯಾಸ್” ಎಂದು ನಾನು ಕೂಗಿದ್ದು ಜಗಲಿಗೆ ಕೇಳಿಸಿರಬೇಕು. ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡದ ಅಬ್ಬಿ ಆ ಬಿಳಿ ಟೈಲ್ಸಿನ ಮೇಲೆ ಓಡುತ್ತ ಬಂದಳು.

“ಕಿಟ್ಕಿ ಮುಚ್ಚ್! ಜಲ್ಜಾ, ಕಿಟ್ಕಿ ಮುಚ್ಚ್!”

“ಮುಚ್ಚೂಕಾಗ ಅಬ್ಬಿ, ಗ್ಯಾಸ್ ಹೊರ್ಗ್ ಹೋಯ್ಕ್!”

“ಗಾಳಿಗೆ ಬೂದಿ ಹಾರ್ತ್. ಒಳ್ಗೆ ಕಿಚ್ಚಿತ್ತ್.”

“ಎಲ್ಲಿ?”

ಅವಳು ಹಿತ್ತಾಳೆಯ ಹಿಡಿಕೆಯ ಕಡೆ ಕೈ ತೋರಿಸಿದಳು. ವಿನೋದಳ ಮೊಣಕಾಲು ಆ ಬಾಗಿಲಿಗೆ ತಾಗಿಕೊಂಡಿತ್ತು. ಕಿಟಕಿ ಮುಚ್ಚಿದರೆ ಗ್ಯಾಸ್ ತುಂಬುತ್ತದೆ. ತೆರೆದಿಟ್ಟರೆ ಗಾಳಿ ಬೂದಿ ಸರಿಸಿ ಕೆಂಡವನ್ನು ಎಬ್ಬಿಸುತ್ತದೆ. ನನ್ನ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ಹೋಗಿ ಕಿಟಕಿಗೂ ಕಪಾಟಿಗೂ ನಡುವೆ ನಿಂತೆ, ಸೆರಗು ಎರಡೂ ಕೈಯಲ್ಲಿ ಅಗಲಿಸಿ, ಕೋಳಿ ಅಟ್ಟುವವಳ ಹಾಗೆ. ಅದೂ ನೈಲಾನ್ ಸೀರೆ.

ಅಬ್ಬಿ ಸೊಸೆಯನ್ನು ಭುಜದಿಂದ ಪಕ್ಕಕ್ಕೆ ಸರಿಸಿ ಬಾಗಿಲು ತೆರೆದಳು, ಬಾಣಂತಿಯ ಕೋಣೆಯ ಬಾಗಿಲು ತೆರೆಯುವಷ್ಟು ಮೆತ್ತಗೆ. ಮಡಕೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಎದೆಗಾನಿಸಿಕೊಂಡಳು. ಬೂದಿಯ ಒಂದು ಕಡೆ ಕುಸಿದು ಕೆಂಪು ಕಂಡಿತು. ಹಾಗೆಯೇ ಹಿತ್ತಿಲ ಬಾಗಿಲ ಕಡೆಗೆ ತಿರುಗಿದಳು. ಅಷ್ಟು ದೂರವನ್ನು ಆ ಕೆಂಡ ಬಾಯಿ ತೆರೆದುಕೊಂಡು ದಾಟಬೇಕಿತ್ತು. ಗಂಜಿ ಬಸಿಯುವ ಮರದ ಮುಚ್ಚಳ ನನ್ನ ಕೈಗೆ ಸಿಕ್ಕಿತು.

“ಮುಚ್ತೆ. ಹಿಡಿ ಇಲ್ಲಿ.”

“ಮುಚ್ಬೇಡ! ಮುಚ್ಚಿರೆ ಆರ್ತ್. ಬಸ್ರಿ ಇದ್ದ ಮನಿ.”

“ಆರದೆ ಇದ್ರೆ ಈಗ್ಳೇ ಇವ್ಳ್ ಹೋತ್ಲ್ ಅಬ್ಬಿ!”

ಅವಳು ವಿನೋದಳನ್ನು ನೋಡಿದಳು. ವಿನೋದ ನೆಲದ ಮೇಲೆ ಒಂದು ಕೈ ಊರಿ, ಇನ್ನೊಂದು ಹೊಟ್ಟೆಯ ಮೇಲಿಟ್ಟು, ಇಬ್ಬರನ್ನೂ ಬಾಯಿ ತೆರೆದು ನೋಡುತ್ತಿದ್ದಳು; ಕುಳಿತಲ್ಲಿಂದ ಏಳಲೂ ಆಗದೆ. ಅಬ್ಬಿಯ ಮುಖದಲ್ಲಿ ಅವತ್ತು ಕಂಡದ್ದನ್ನು ಬರೆಯಲು ನನಗೆ ಎರಡೂ ಭಾಷೆ ಸಾಲದು. ನಾನು ಮುಚ್ಚಬೇಕಾಗಿ ಬರಲಿಲ್ಲ. ಅವಳೇ ಒಂದು ಕೈ ಬಿಡಿಸಿಕೊಂಡು ಮುಚ್ಚಳ ಕಸಿದು ಮಡಕೆಯ ಬಾಯಿಗೆ ಒತ್ತಿದಳು. ಒತ್ತಿ ಹಿಡಿದುಕೊಂಡೇ, ಉಸಿರು ಬಿಗಿಹಿಡಿದು, ಬಾಗಿಲು ದಾಟಿ ಹಿತ್ತಿಲಿಗೆ ಹೋದಳು.

ರೆಗ್ಯುಲೇಟರನ್ನು ನಾನು ಹೇಗೆ ಕಿತ್ತೆನೋ ದೇವರಿಗೇ ಗೊತ್ತು. ಕಿತ್ತು ಮುಚ್ಚಿದ ಮೇಲೆ ಸುಂಯ್‌ಗುಟ್ಟುವುದು ನಿಂತಿತು, ನಿಂತ ಮೇಲೂ ಕಿವಿಯಲ್ಲಿ ಬಹಳ ಹೊತ್ತು ಉಳಿಯಿತು. ವಿನೋದಳನ್ನು ಎಬ್ಬಿಸಿ ಜಗಲಿಗೆ ತಂದು ಕೂರಿಸಿ ನೀರು ಕೊಟ್ಟೆ. ಆಮೇಲೆ ಹಿತ್ತಿಲಿಗೆ ಹೋದರೆ ಅಬ್ಬಿ ಬಾವಿಕಟ್ಟೆಗೆ ಒರಗಿ, ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮುಚ್ಚಳದ ಮೇಲಿನ ಕೈ ತೆಗೆದಿರಲಿಲ್ಲ. ಈಗ ಗಾಳಿ ಬಿಟ್ಟರೂ ಅಪಾಯವಿಲ್ಲ, ತೆರೆ ಎಂದೆ. ಬೇಡ ಎಂದು ತಲೆಯಾಡಿಸಿದಳು. ಮುಚ್ಚಿದ್ದು ಮುಚ್ಚಿತು ಎಂದಳು. ಸಾಯಂಕಾಲ ಸುಧಾಕರ ಬಂದು, ವಿಷಯ ಕೇಳಿ, ಕೂಗಾಡಲು ಶುರುಮಾಡಿ, ಮಡಕೆಯ ಮುಚ್ಚಳ ಎತ್ತಿ ಬಿಸಾಡಿದ. ಒಳಗೆ ಕಪ್ಪು ಇದ್ದಿಲು. ಅಬ್ಬಿ ಒಳಗೆ ಬಗ್ಗಿ ನೋಡಿದ ರೀತಿ ಕಂಡು ಅವನೇ ಮುಚ್ಚಳ ಹೆಕ್ಕಿ ತಂದು ಅವಳ ಪಕ್ಕದಲ್ಲಿಟ್ಟ.

ಆಮೇಲಿನ ದಿನಗಳಷ್ಟು ಹೆದರಿಕೆಯ ದಿನಗಳನ್ನು ನಾನು ಆ ಮನೆಯಲ್ಲಿ ಕಂಡಿಲ್ಲ. ಅಬ್ಬಿ ಯಾರನ್ನೂ ಬೈಯಲಿಲ್ಲ, ಅಳಲಿಲ್ಲ. ಕಾದಳು. ಯಾರ ಸರದಿಯೆಂದು ಕಾದಳು. ಸುಧಾಕರ ಸ್ಕೂಟರ್ ಹತ್ತಿದರೆ ತಿರುವು ದಾಟುವವರೆಗೆ ಅಂಗಳದಲ್ಲಿ ನಿಂತಿರುತ್ತಿದ್ದಳು. ನಾನು ಸ್ನಾನಕ್ಕೆ ಹೋಗಿ ತಡವಾದರೆ ಬಚ್ಚಲ ಬಾಗಿಲು ಬಡಿಯುತ್ತಿದ್ದಳು. ಬಯಕೆ ಊಟ ಚೆನ್ನಾಗಿ ಕಳೆಯಿತು, ಬಂದವರು ಕಿಚನ್ ನೋಡಿ ಹೊಗಳಿದರು, ಗ್ರಾನೈಟ್ ಸವರಿದರು. ವಿನೋದ ತವರಿಗೆ ಹೊರಟು ಕಾಲಿಗೆ ಬಿದ್ದಾಗ ಅಬ್ಬಿ ಅವಳನ್ನು ಎಬ್ಬಿಸಲು ಮರೆತು ಹಾಗೆಯೇ ತಲೆ ಹಿಡಿದುಕೊಂಡಿದ್ದಳು.

“ಅತ್ತೆ, ಬಿಡಿನಿ, ಬಸ್ ತಪ್ಪತ್ತ್.”

“ತಪ್ಲಿ ಬಿಡ್. ಇನ್ನೊಂದ್ ಬತ್ತ್.”

ತಪ್ಪಿತು ಕೂಡ. ಆ ಮೇಲೆ ಫೋನಿನ ಸರದಿ. ಚಾವಡಿಯ ಮೂಲೆಯಲ್ಲಿ ಕ್ರೋಶಾ ಬಟ್ಟೆ ಹೊದ್ದು ಕುಳಿತಿದ್ದ ಲ್ಯಾಂಡ್‌ಲೈನು ಒಮ್ಮೆ ರಿಂಗಾದರೆ ಅಬ್ಬಿಯ ಕೈಯ ಕೆಲಸ ನಿಲ್ಲುತ್ತಿತ್ತು. ಅವಳದು ಮಾತ್ರ ಎಂದೇಕೆ ಹೇಳಲಿ, ನನ್ನದೂ. ಹೆರಿಗೆ ಹೇಳಿದ ದಿನಕ್ಕಿಂತ ಮುಂದೆ ಹೋಯಿತು. ಸುಧಾಕರ ಆಸ್ಪತ್ರೆಯಲ್ಲಿದ್ದ. ಒಂದು ಮಧ್ಯಾಹ್ನ ಫೋನ್ ರಿಂಗಾಯಿತು. ಅಬ್ಬಿ ಗೋಡೆಗೆ ಮುಖ ಮಾಡಿ ನಿಂತಳು. ಹೆಣ್ಣು ಮಗು, ತಾಯಿಗೂ ಏನೂ ತೊಂದರೆ ಇಲ್ಲ, ಎಂದು ಸುಧಾಕರ ಅಳುತ್ತ ನಗುತ್ತ ಹೇಳಿದ. ನಾನು ಅದನ್ನು ಹಾಗೆಯೇ ಹೇಳಿದೆ, ಎರಡೆರಡು ಸಲ ಹೇಳಿದೆ. ಅಬ್ಬಿ ತಿರುಗಲಿಲ್ಲ.

“ಇಬ್ರೂ ಇದ್ರಾ?”

“ಇದ್ರಬ್ಬಿ. ಇಬ್ರೂ ಹುಷಾರಿದ್ರ್. ಸುಧಾಕರ್ನೂ ಹುಷಾರಿದ್ದ. ನಾನ್ ಇಲ್ಲೇ ಇದ್ದೆ.”

ಅವಳು ಮೆಲ್ಲನೆ ಬಂದು ಸೋಫಾದ ಮೇಲೆ ಕುಳಿತಳು. ಪ್ಲಾಸ್ಟಿಕ್ ಕವರು ಚರಚರ ಎಂದಿತು. ಅದುವರೆಗೆ ಆ ಸೋಫಾದ ಮೇಲೆ ಅವಳು ಕುಳಿತದ್ದನ್ನು ನಾನು ನೋಡಿರಲಿಲ್ಲ. ಖುಷಿಯಾಗಿದ್ದಾಳೆ, ಈಗ ಬೆಲ್ಲ ತಾ ಎನ್ನುತ್ತಾಳೆ ಎಂದುಕೊಂಡೆ. ಅವಳು ಟೈಲ್ಸು ನೋಡುತ್ತ, ಯಾರನ್ನೋ ತಪ್ಪು ವಿಳಾಸ ಕೇಳಿದವಳ ಹಾಗೆ ಕೇಳಿದಳು:

“ಹಂಗಾರೆ ಅವ್ರ್ ಎಂತಕೆ ಹೋದ್ದ್?”

ಅಬ್ಬಿಯ ಬಾಯಲ್ಲಿ ‘ಅವ್ರ್’ ಎಂದರೆ ಅಪ್ಪಯ್ಯ. ನಾನು ಅವಳ ಪಕ್ಕದಲ್ಲಿ ಕುಳಿತೆ. ರಾತ್ರಿ ಗಂಜಿ ಉಂಡು ಮಲಗಿದೆವು.

ಮರುದಿನ ನನಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಮನೆಯಲ್ಲಿ ಶಬ್ದವೇ ಇರಲಿಲ್ಲ. ಬಾವಿಯ ರಾಟೆ ಇಲ್ಲ, ಪೊರಕೆ ಇಲ್ಲ, ಅಬ್ಬಿಯ ಕೆಮ್ಮಿಲ್ಲ. ಸೂರ್ಯ ಹುಟ್ಟಿದ ಮೇಲೆ ಅವಳು ಹಾಸಿಗೆಯಲ್ಲಿದ್ದದ್ದನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ನಡುಕೋಣೆಯ ಬಾಗಿಲು ದೂಡಿದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಅಲುಗದೆ. ಕಾನ್ವೆಂಟಿನಲ್ಲಿ ಓದಿದ ನಾನು, ಬೇರೆಯವರ ಮಕ್ಕಳಿಗೆ ರೀಸನ್ ಕಲಿಸಿದ ನಾನು, ಆ ಬಾಗಿಲಲ್ಲಿ ನಿಂತು ಒಡೆದ ಒಲೆಯನ್ನೇ ನೆನೆದೆ. ಸಾಲ ತೀರಿಸಿಕೊಂಡಿತು ಎಂದುಕೊಂಡೆ. ಹತ್ತಿರ ಹೋಗಿ ಮೂಗಿನ ಕೆಳಗೆ ಬೆರಳು ಹಿಡಿದೆ. ಉಸಿರು ತಾಗಿತು. ಬೆಚ್ಚಗೆ, ನಿಧಾನವಾಗಿ, ಸಣ್ಣ ಗೊರಕೆಯೊಂದಿಗೆ.

ಅಷ್ಟರಲ್ಲಿ ಸುಧಾಕರ ಆಸ್ಪತ್ರೆಯಿಂದ ಬಂದ. ರಾತ್ರಿ ನಿದ್ದೆಗೆಟ್ಟವನು, ಚಾ ಬೇಕೆಂದು ಸೀದಾ ಅಡುಗೆಮನೆಗೆ ಹೋದ. ಪಾತ್ರೆ ಇಟ್ಟ ಸದ್ದು ಕೇಳಿ ನಾನು ಓಡಿಹೋಗಿ ಅವನ ಕೈಯಿಂದ ಲೈಟರ್ ಕಿತ್ತುಕೊಂಡೆ.

“ಎಂತ ಅಕ್ಕ? ಲೈಟ್ರ್ ಎಂತಕೆ ಕಸ್ಕಂತೆ?”

“ಶ್! ಅಬ್ಬಿ ಮನ್ಕಂಡಿತ್ತ್.”

“ಇಷ್ಟ್ ಹೊತ್ತಿಗಾ!”

ಅವನು ಬಂದು ಬಾಗಿಲಲ್ಲಿ ಇಣುಕಿ ನೋಡಿದ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ. ನಾನೂ ಕುಳಿತೆ. ಬಿಸಿಲು ಅಂಗಳ ದಾಟಿ ಜಗಲಿಗೆ ಬಂತು, ಜಗಲಿಯಿಂದ ಚಾವಡಿಯ ಟೈಲ್ಸಿಗೆ ಬಂತು. ಅವಳಾಗಿ ಏಳುವವರೆಗೆ ಅಂದು ಆ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ.